ಗುಂಯ್ ಎನ್ನದ ಪೆಟ್ಟಿಗೆ

ಬೆಳಗಿನ ಐದೂವರೆ. ಬೀದಿಯಲ್ಲಿ ಇನ್ನೂ ಒಂದು ಗಾಡಿಯೂ ಸ್ಟಾರ್ಟ್ ಆಗಿಲ್ಲ. ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ, ಟೇಬಲ್ ಲ್ಯಾಂಪಿನ ಬೆಳಕಿನಲ್ಲಿ, ಜಾಕಕ್ಕ ಒಂದು ಹಳೆಯ ಆಂಪ್ಲಿಫೈಯರಿಗೆ ಕಿವಿ ಹಚ್ಚಿ ಕೂತಿದ್ದಾರೆ. ಸ್ವಿಚ್ ಹಾಕುತ್ತಾರೆ, ಕೇಳುತ್ತಾರೆ, ಆರಿಸುತ್ತಾರೆ. ಎಡಗಿವಿ ಬಿಟ್ಟು ಬಲಗಿವಿ ಹಚ್ಚುತ್ತಾರೆ. ಒಂದು ಚೂರು ಗೊರಗೊರ ಇಲ್ಲ, ಕರಕರ ಇಲ್ಲ. "ಇಷ್ಟು ನೆಟ್ಟಗಿದೀಯ. ಮತ್ತೇನ್ ಕೆಟ್ಟಿದೆ ಅಂತ ನಿನ್ನ ಹೊತ್ಕೊಂಡ್ ಬರ್ತಾಳೆ ಅವಳು?" ಎಂದು ಪೆಟ್ಟಿಗೆಯನ್ನೇ ಕೇಳುತ್ತಾರೆ. ಪೆಟ್ಟಿಗೆ ಬಾಯಿ ಬಿಡುವುದಿಲ್ಲ.

ಮದುವೆ, ಹುಟ್ಟುಹಬ್ಬ, ಅಂಗಡಿ ಉದ್ಘಾಟನೆ ಎಂದು ಊರೂರು ಸುತ್ತಿ ಹಾಡುವವರ, ಬಾರಿಸುವವರ ಸಾಮಾನು ರಿಪೇರಿ ಮಾಡುವುದು ಇವರ ಕಸುಬು. ಮೈಕು, ಸ್ಟ್ಯಾಂಡು, ಆಂಪು, ಎಲ್ಲಕ್ಕಿಂತ ಹೆಚ್ಚಾಗಿ ಕೇಬಲ್ಲು. ಕೇಬಲ್ಲಿನ ತುದಿಯ ಜಾಕ್ ಪಿನ್ನನ್ನು ಇವರಷ್ಟು ಗಟ್ಟಿಯಾಗಿ ಬೆಸೆಯುವವರಿಲ್ಲ ಎಂದು ವಾದ್ಯದವರೇ ಇಟ್ಟ ಹೆಸರು ಜಾಕಕ್ಕ. ಹೆತ್ತವರು ಇಟ್ಟ ಹೆಸರು ಗಂಡನಿಗೂ ಮರೆತು ಹೋಗಿರಬೇಕು. ದಿನಕ್ಕೆ ಹದಿನೈದು ಇಪ್ಪತ್ತು ಕೇಬಲ್ಲು, ಒಂದೊಂದಕ್ಕೆ ನಾಲ್ಕು ಬೆಸುಗೆ. ಮೂವತ್ತೊಂದು ವರ್ಷದಿಂದ ಇದೇ ಹೊಗೆ, ಇದೇ ಮುಕ್ಕಾಲಿ. ಬೆಳಗಾಗುವ ಮೊದಲೇ ಆಂಪ್ ಬಿಚ್ಚಿ ಕೂರುವುದಕ್ಕೆ ಕಾರಣವಿದೆ: ಪೆಟ್ಟಿಗೆಯ ಸಣ್ಣ ನರಳಾಟ ಕೇಳಿಸಬೇಕಾದರೆ ಬೀದಿ ಮಲಗಿರಬೇಕು.

ಕೆಲಸ ಕಲಿಸಿದ್ದು ಅಣ್ಣ. ಅವನಿಗೆ ಕೈ ನಡುಗುವ ಕಾಯಿಲೆ ಬಂದಾಗ ಬಾಯಲ್ಲಿ ಅವನು ಹೇಳುತ್ತಿದ್ದ, ಕೈಯಲ್ಲಿ ಇವರು ಮಾಡುತ್ತಿದ್ದರು. ಅಣ್ಣ ತೀರಿಕೊಂಡ ಮೇಲೂ ಕೈ ನಿಲ್ಲಲಿಲ್ಲ. "ಮೊದಮೊದಲು ಬಂದೋರೆಲ್ಲ ನನ್ನ ತಲೆ ಮೇಲಿಂದ ಇಣುಕಿ, ಒಳಗೆ ಗಂಡಸ್ರು ಯಾರೂ ಇಲ್ವಾ ಅಂತಿದ್ರು. ಇದಾರೆ, ಒಳಗೆ ಚಹಾ ಕಾಯಿಸ್ತಿದಾರೆ ಅಂತಿದ್ದೆ" ಎಂದು ನಗುತ್ತಾರೆ. ನಿಜವೇ, ರಿಟೈರಾದ ಬಸ್ ಕಂಡಕ್ಟರ್ ಪತಿರಾಯರ ಚಹಾ ಇವತ್ತಿಗೂ ಈ ಬೀದಿಯಲ್ಲಿ ಹೆಸರುವಾಸಿ.

ಆದರೆ ಇಪ್ಪತ್ತು ದಿನದಿಂದ ಜಾಕಕ್ಕನ ನಗು ಅರ್ಧಂಬರ್ಧ. ಈ ಆಂಪ್ ತಂದವಳು ಅವರ ಹಳೆಯ ಗಿರಾಕಿ, ತಮ್ಮನ ಗಿಟಾರಿನ ಜೊತೆ ಹಾಡುವ ಗಾಯಕಿ. ಹಿಡಿ ಕಿತ್ತುಹೋಗಿದೆ, ಹಾಕಿಕೊಡಿ ಎಂದಷ್ಟೇ ಹೇಳಿದ್ದಳು. ಆಂಪ್ ಮಾತ್ರ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಅದನ್ನು ಕೇಳಿಯೂ ಸುಮ್ಮನೆ ಕಳಿಸುವ ಜಾಯಮಾನ ಜಾಕಕ್ಕನದಲ್ಲ. ಹಿಡಿ ಹಾಕಿದರು, ಉಬ್ಬಿದ್ದ ಕೆಪಾಸಿಟರ್ ತೆಗೆದು ಹೊಸದು ಕೂರಿಸಿದರು. ಗುಂಯ್ ನಿಂತಿತು. ಮೂರೇ ದಿನಕ್ಕೆ ಗಾಯಕಿ ವಾಪಸ್ಸು. "ಏನೋ ಸರಿ ಇಲ್ಲ ಅಕ್ಕ. ಹಾಡು ಎತ್ತಿಕೊಂಡ್ರೆ ಎಲ್ಲೋ ಹೋಗುತ್ತೆ. ಗಿಟಾರ್ ಸೇರಿದ ಕೂಡಲೇ ಜನ ನಗ್ತಾರೆ."

ಬಿಚ್ಚಿದರು, ನೋಡಿದರು, ಮುಚ್ಚಿದರು. ಮತ್ತೆ ಬಂತು. ಮೈಕು ಬದಲಿಸಿದರು, ಕೇಬಲ್ ಬದಲಿಸಿದರು. ಮತ್ತೂ ಬಂತು. ಜಾಕಕ್ಕನಿಗೆ ಇದರ ತಲೆಬುಡ ಅರ್ಥವಾಗುತ್ತಿಲ್ಲ. ಅವಳಿಗೆ ಕೇಳಿಸುವ ದೋಷ ತನಗೆ ಕೇಳಿಸುತ್ತಿಲ್ಲ ಅಂದರೆ ಕೆಟ್ಟಿರುವುದು ಪೆಟ್ಟಿಗೆಯೋ ತನ್ನ ಕಿವಿಯೋ?

ಮೊನ್ನೆ ಪರೀಕ್ಷೆಯೂ ಆಯಿತು. ಪತಿರಾಯರು ಬೆನ್ನ ಹಿಂದೆ ನಿಂತು ಕೈಗಡಿಯಾರ ಹಿಡಿದರು. "ಕೇಳಿಸ್ತಾ?" "ಹೂಂ, ಟಿಕ್ ಟಿಕ್ ಅಂತಿದೆ." "ಇದು ನಿಂತು ಎರಡು ತಿಂಗಳಾಯ್ತು ಕಣೇ!" ತಮಾಷೆಗೆ ಮಾಡಿದ್ದು, ಜಾಕಕ್ಕ ಮಾತ್ರ ನಿಜವೆಂದೇ ತೆಗೆದುಕೊಂಡರು. ಇಲ್ಲದ್ದು ಕೇಳುತ್ತದೆ, ಇರುವುದು ಕೇಳುವುದಿಲ್ಲ, ಇಂಥ ಕಿವಿ ಇಟ್ಟುಕೊಂಡು ಯಾರ ಹೊಟ್ಟೆಪಾಡಿನ ಸಾಮಾನಿಗೆ ಕೈ ಹಾಕುವುದು? ಇವತ್ತು ಪತ್ತೆಯಾಗದಿದ್ದರೆ ಶನಿವಾರ ಅಂಗಡಿಗೆ ಕಾಯಂ ಬಾಗಿಲು ಹಾಕಿಬಿಡುವುದು ಎಂದು ತೀರ್ಮಾನಿಸಿದ್ದಾರೆ. ಗಂಡನಿಗೂ ಹೇಳಿದ್ದಾರೆ. ಅವರು ಗಡಿಯಾರವನ್ನು ಜೇಬಿಗೆ ಹಾಕಿಕೊಂಡು ಹೊರಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ಆರು ಗಂಟೆಗೆ ಗಾಯಕಿ ಬರುತ್ತಾಳೆ. ಹತ್ತಕ್ಕೆ ಒಂದು ಬಟ್ಟೆ ಅಂಗಡಿಯ ಉದ್ಘಾಟನೆಯಲ್ಲಿ ಹಾಡಬೇಕು. ಮೈಕ್ ಹಿಡಿದು ಎರಡು ಸಾಲು ಎತ್ತಿಕೊಳ್ಳುತ್ತಾಳೆ. ಮೊದಲು ಎರಡು ಸಾಲು ಒಬ್ಬಳೇ ಹಾಡುವುದು, ಆಮೇಲೆ ಗಿಟಾರು ಸೇರುವುದು, ಅವರ ಪದ್ಧತಿ. ಎರಡನೇ ಸಾಲಿಗೇ ದನಿ ಎತ್ತರಕ್ಕೆ ಹೋಗಿ ಒಡೆಯುತ್ತದೆ.

"ನೋಡಿದ್ರಾ ಅಕ್ಕ?"

"ಪೆಟ್ಟಿಗೇಲಿ ಏನೂ ಇಲ್ಲ ಕಣಮ್ಮ."

"ಅದೇ ಅಕ್ಕ ನಾನೂ ಹೇಳ್ತಿರೋದು. ಏನೂ ಇಲ್ಲ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಜಾಕಕ್ಕ ಸೋತು ಮುಕ್ಕಾಲಿಯ ಮೇಲೆ ಕುಸಿಯುತ್ತಾರೆ. "ನನ್ನ ಕಿವಿ ಹೋಗಿದೆ ತಾಯಿ. ಬೇರೆ ಯಾರಿಗಾದ್ರೂ ತೋರ್ಸು." ಮೇಜಿನಿಂದ ಉರುಳಿದ ಸ್ಕ್ರೂ ಹುಡುಕಲೆಂದು ಎದ್ದು ಟ್ಯೂಬ್‌ಲೈಟ್ ಹಾಕುತ್ತಾರೆ. ಅದೋ ಮುದಿ ಟ್ಯೂಬ್‌ಲೈಟು, ನಾಲ್ಕು ಸಲ ಕಣ್ಣು ಮಿಟುಕಿಸಿ, ಅದರ ಚೋಕು ಗುಂಯ್ ಎಂದು ಶುರುವಿಟ್ಟುಕೊಳ್ಳುತ್ತದೆ. ಗಾಯಕಿ ಕಣ್ಣೊರೆಸಿಕೊಳ್ಳುತ್ತ, ತನ್ನಷ್ಟಕ್ಕೆ ತಾನು ಅದೇ ಎರಡು ಸಾಲು ಗುನುಗುತ್ತಾಳೆ. ದನಿ ಸಲೀಸಾಗಿ ಹೋಗಿ ಕೂರಬೇಕಾದಲ್ಲಿ ಕೂರುತ್ತದೆ.

ಜಾಕಕ್ಕನ ಕೈ ನಿಲ್ಲುತ್ತದೆ. ಲೈಟ್ ಆರಿಸುತ್ತಾರೆ. "ಈಗ ಹಾಡು." ಒಡೆಯುತ್ತದೆ. ಹಾಕುತ್ತಾರೆ. "ಈಗ?" ಕೂರುತ್ತದೆ. ಮತ್ತೆ ಆರಿಸಿ, ಮತ್ತೆ ಹಾಕಿ. "ಏನಕ್ಕ, ನನಗಿಲ್ಲಿ ಜೀವ ಹೋಗ್ತಿದೆ, ನೀವು ಲೈಟಿನ ಜೊತೆ ಆಟ ಆಡ್ತಿದೀರಾ?"

"ಆಟ ಅಲ್ಲ ಕಣೇ ಹುಚ್ಚಿ! ಇಷ್ಟು ವರ್ಷ ನೀನು ಶ್ರುತಿ ಹಿಡೀತಿದ್ದಿದ್ದು ಆ ಗುಂಯ್‌ನಿಂದ. ಎಲ್ಲಿ ಹೋದ್ರೂ ಕರೆಂಟ್ ಅದೇ, ಗುಂಯ್ ಅದೇ. ನಿನ್ನ ತಮ್ಮ ತಂತಿ ಬಿಗಿಯೋದೂ ಆಂಪ್ ಪಕ್ಕದಲ್ಲೇ ತಾನೆ? ಅದಕ್ಕೇ ಇಬ್ಬರ ಶ್ರುತಿ ಕೂಡ್ತಿತ್ತು. ನಾನು ಅದನ್ನೇ ತೆಗೆದು ಬಿಸಾಕಿದೆ!"

ಗಾಯಕಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾಳೆ. "ಅಂಥದ್ದೊಂದು ಶಬ್ದ ಇತ್ತು ಅಂತಾನೇ ನನಗೆ ಗೊತ್ತಿಲ್ಲ ಅಕ್ಕ." ಆಂಪನ್ನು ಜಾಕಕ್ಕನ ಕಡೆ ತಳ್ಳಿ, "ಹಾಗಾದ್ರೆ ಮತ್ತೆ ಹಾಳ್ ಮಾಡ್ಕೊಡಿ" ಅನ್ನುತ್ತಾಳೆ.

ಜಾಕಕ್ಕ ಕಕ್ಕಾಬಿಕ್ಕಿ. ಮೂವತ್ತೊಂದು ವರ್ಷದಲ್ಲಿ ಯಾರೂ ಹೀಗೆ ಕೇಳಿಲ್ಲ. ಉಬ್ಬಿದ ಕೆಪಾಸಿಟರ್ ವಾಪಸ್ ಹಾಕಲು ಮನಸ್ಸು ಒಪ್ಪುವುದಿಲ್ಲ, ಅದು ಯಾವತ್ತಾದರೂ ಢಬ್ ಎನ್ನುವ ಸಾಮಾನು. ಕೊನೆಗೆ ಟ್ರಾನ್ಸ್‌ಫಾರ್ಮರಿನಿಂದ ಒಂದೆಳೆ ವೈರು ಎಳೆದು, ನಡುವೆ ಸದ್ದು ಹೆಚ್ಚು ಕಡಿಮೆ ಮಾಡುವ ಒಂದು ಪುಟ್ಟ ತಿರುಪು ಕೂರಿಸಿ, ಬೇಕಾದಷ್ಟೇ ಗುಂಯ್ ಬರುವಂತೆ ಬೆಸೆಯುತ್ತಾರೆ. ಸ್ವಿಚ್ ಹಾಕಿದರೆ ಮೆತ್ತಗೆ ಗುಂಯ್. ಗಾಯಕಿ ಹಾಡುತ್ತಾಳೆ. ಬಾಗಿಲಲ್ಲಿ ಚಹಾ ಹಿಡಿದು ನಿಂತ ಪತಿರಾಯರು, "ಶನಿವಾರದ್ದು ಏನಾಯ್ತು?" ಎಂದು ಮೆಲ್ಲಗೆ ಕೇಳುತ್ತಾರೆ.

"ಯಾವ ಶನಿವಾರ? ಕಿವಿ ನೆಟ್ಟಗಿದೆ ನಂದು" ಎಂದು ಗದರುತ್ತಾರೆ ಜಾಕಕ್ಕ. ಕಣ್ಣು ಮಾತ್ರ ಒದ್ದೆ.

"ಇದನ್ನ ರಿಪೇರಿ ಅನ್ನಬೇಕೋ, ಕೆಡಿಸಿದ್ದು ಅನ್ನಬೇಕೋ, ನಂಗಿನ್ನೂ ಗೊತ್ತಾಗ್ತಿಲ್ಲ" ಎನ್ನುತ್ತ ಮಾರ್ಕರ್ ಪೆನ್ನು ತೆಗೆದು ಆಂಪಿನ ಮುಚ್ಚಳದ ಒಳಗೆ ದಪ್ಪಕ್ಷರದಲ್ಲಿ ಬರೆಯುತ್ತಾರೆ: ಗುಂಯ್ ಅನ್ನೋದು ಬೇಕಂತಲೇ ಇಟ್ಟಿದ್ದು, ಮುಟ್ಟಬೇಡಿ. ಮುಂದಕ್ಕೆ ಆಸೆ ಏನಾದರೂ ಇದೆಯಾ ಎಂದು ನಾವು ಕೇಳಿದರೆ ಸ್ಕ್ರೂ ಬಿಗಿಯುತ್ತಲೇ ಉತ್ತರಿಸುತ್ತಾರೆ: "ಅದೇ, ಬರೆದಿದೀನಲ್ಲ. ನಾನಿಲ್ದಾಗ ಯಾರಾದ್ರೂ ಬುದ್ಧಿವಂತರು ಇದನ್ನ ಸರಿ ಮಾಡದಿದ್ರೆ ಸಾಕು."