ಹದಿನೇಳನೆಯ ಸೀಸೆ

೧೯೮೬ರಿಂದ ಎರಡು ವರ್ಷ ಕರ್ಜತ್ ಕಡೆಯ ಒಂದು ಹಳ್ಳಿಯ ಮೂವತ್ತು ತಾಯಂದಿರ ಮೂತ್ರವನ್ನು ಚಳಿ, ಬೇಸಿಗೆ, ಮಳೆ ಮೂರು ಕಾಲದಲ್ಲೂ ನಮ್ಮ ಲ್ಯಾಬಿಗೆ ತರಿಸಿ ಪರೀಕ್ಷಿಸಿದೆವು. ದುಡಿತ, ಚಿಂತೆ ಹೆಚ್ಚಿದಾಗ ದೇಹದಲ್ಲಿ ಹೆಚ್ಚುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಳೆಯುವುದು ನನ್ನ ಕೆಲಸ. ಸೀಸೆ ತರುವುದು ಅಜೀಜಾಬಿಯದು.

ಅಜೀಜಾಬಿ ಇಳಕಲ್ಲಿನವಳು. ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಗಂಡ ಶರೀಫ ಸತ್ತ ಮೇಲೆ ವಡಾಲದ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ಒಬ್ಬಳೇ ಇದ್ದಳು. ಮಕ್ಕಳಿಲ್ಲ. ಹಳ್ಳಿಯ ಹೆಂಗಸರು ಅವಳನ್ನು ‘ಬಾಟ್ಲಿವಾಲಿ’ ಎಂದು ಛೇಡಿಸುತ್ತಿದ್ದರು. ನಮ್ಮ ಪಟ್ಟಿಯ ಹದಿನೇಳನೆಯ ನಂಬರಿನ ಸೇವಂತಿ ಮಾತ್ರ ಕೂರಿಸಿ ಚಹಾ ಕೊಡುತ್ತಿದ್ದಳು.

ಮೊದಲ ಮಳೆಗಾಲದ ಫಲಿತಾಂಶ ಬಂದಾಗ ಹದಿನೇಳರದು ಎಲ್ಲರಿಗಿಂತ ಹೆಚ್ಚು. ಅವಳದೇ ಚಳಿಗಾಲದ ಅಂಕಿಯ ಮೂರು ಪಟ್ಟು. ಏನು ಕಷ್ಟ ಬಂತೆಂದು ಕೇಳಲು ನಾನೇ ಹೊರಟೆ.

“ಬ್ಯಾಡ್ರಿ ಬಾಯಾರ, ಭಾಳ ರಾಡಿ ಐತಿ. ಜಾರಿ ಬಿದ್ರ ನಿಮ್ಮನ್ನ ಹೊರಾಕ ನಾಕ ಮಂದಿ ಬೇಕು,” ಎಂದಳು ಅಜೀಜಾಬಿ.

“ನೀನೊಬ್ಬಳು ಸಾಕು, ನಡಿ.”

ನನ್ನ ಪ್ರಶ್ನೆಗೆ ಸೇವಂತಿ ನಕ್ಕಳು. ಕಷ್ಟವೆಲ್ಲಿಯದು? ನಾಗರಪಂಚಮಿಗೆಂದು ಅಣ್ಣ ಬಂದು ಕರೆದೊಯ್ದಿದ್ದ, ಹದಿನೈದು ದಿನ ತವರಿನಲ್ಲಿದ್ದಳು. ಆ ಸಲ ಸೀಸೆ ಕೊಟ್ಟೇ ಇರಲಿಲ್ಲ.

ಮರಳುವಾಗ ಲೋಕಲ್‌ನಲ್ಲಿ ಕಲ್ಯಾಣ ದಾಟಿದೆವು. ಆಮೇಲೆ ಕೇಳಿದೆ: “ಸೀಸೆಯಲ್ಲಿದ್ದದ್ದು ಯಾರದು?”

“ನಂದ್ರಿ.”

“ಯಾಕೆ?”

“ಒಂದ ಸಲ ತಪ್ಪಿದ್ರೂ ಹೆಸರು ಹೊಡದ ಹಾಕ್ತೀವಿ ಅಂದಿದ್ರಿ. ಹೆಸರು ಹೋದ್ರ ಆಕಿ ಮನೀಗೆ ನಾ ಯಾವ ನೆವಾ ಮಾಡಿ ಹೋಗ್ಲಿ?”

“ಸುಮ್ಮನೆ ಹೋಗಬಹುದಲ್ಲ.”

“ಬಾಟ್ಲಿ ಇಲ್ದ ಬಾಟ್ಲಿವಾಲಿನ ಯಾರ ಕರೀತಾರ್ರೀ?”

ಮರುದಿನ ಪಟ್ಟಿಯಲ್ಲಿ ಸೇವಂತಿಯ ಹೆಸರಿದ್ದ ಹದಿನೇಳನೆಯ ಸಾಲಿಗೆ ಗೀಟು ಎಳೆದೆ. ಅಜೀಜಾಬಿಯನ್ನು ಹಳ್ಳಿಯ ಕೆಲಸದಿಂದ ಬಿಡಿಸಿ ಲ್ಯಾಬಿನಲ್ಲಿ ಸೀಸೆ ತೊಳೆಯಲು ಹಾಕಿದೆ. ಸುಳ್ಳು ಮಾದರಿ ತಂದವರನ್ನು ಮತ್ತೆ ಕಳಿಸುವಂತಿಲ್ಲ. ಈಗಲೂ ನನ್ನ ತೀರ್ಮಾನ ಅದೇ.

“ನಂದು ಎಲ್ಲಾರಕಿಂತ ಜಾಸ್ತಿ ಬಂತೇನ್ರಿ?” ಎಂದು ಕೇಳಿದಳು.

“ಹೌದು.”

“ಗದ್ದಿ ಇಲ್ಲ, ಗಂಡ ಇಲ್ಲ, ಅಳೂ ಕೂಸಿಲ್ಲ. ನಿಮ್ಮ ಮಿಶನ್ನ ಕೆಟ್ಟೈತಿ ನೋಡ್ರಿ.”

ಯಂತ್ರ ಸರಿಯಾಗಿಯೇ ಇತ್ತು. ನಾನು ಎರಡು ಸಲ ಅಳೆದಿದ್ದೆ.

ಚಳಿಗಾಲದಲ್ಲಿ ಹಳ್ಳಿಗೆ ಹೋಗಿ ಬಂದವಳು ಇಂದ್ರಾಬಾಯಿ ಎಂಬ ಹೊಸಬಳು. ಅವಳಿನ್ನೂ ಚೀಲ ಇಳಿಸಿರಲಿಲ್ಲ, ಅಜೀಜಾಬಿ ಒದ್ದೆ ಕೈಯಲ್ಲೇ ಬಂದು ನಿಂತಳು.

“ಸೇವಂತಿ ನನ್ನ ಕೇಳಿದ್ಳೇನವಾ?”

“ಯಾವ ಸೇವಂತಿ?” ಎಂದಳು ಇಂದ್ರಾಬಾಯಿ. ಪಟ್ಟಿಯಲ್ಲಿಲ್ಲದ ಮನೆಗೆ ಅವಳು ಹೋಗಿರಲಿಲ್ಲ.