ಅಕ್ಕನ ಕತೆ ಬಂದ ಬುಕ್ ಸ್ಟಾಲ್

ನಾನು ಚಿಕ್ಕವನಿದ್ದಾಗ, ಚೆನ್ನೈ ಇನ್ನೂ ಮದರಾಸಾಗಿದ್ದಾಗ, ಪುಸ್ತಕ ಮಾರುವ ಜಾಗಕ್ಕೆಲ್ಲ ನಮ್ಮ ಮನೆಯಲ್ಲಿ ಒಂದೇ ಹೆಸರು: ಬುಕ್ ಸ್ಟಾಲ್. ಅಪ್ಪ ರೈಲ್ವೆಯಲ್ಲಿದ್ದರು. ನಮಗೆ ಗೊತ್ತಿದ್ದದ್ದು ಸ್ಟೇಷನ್ನಿನ ಸ್ಟಾಲ್ ಮಾತ್ರ. ಮರದ ಗೂಡಿನಂಥ ಅದರೊಳಗೆ ಒಬ್ಬರಿಗಷ್ಟೇ ಜಾಗ. ಕೊಳ್ಳುವವರು ಹೊರಗೆ ನಿಲ್ಲಬೇಕು, ಏನನ್ನೂ ಮುಟ್ಟಬಾರದು.

ಅಕ್ಕ ಒಂದು ಕತೆ ಬರೆದು ಬೆಂಗಳೂರಿನ ವಾರಪತ್ರಿಕೆಗೆ ಕಳಿಸಿದ್ದಳು. ವಾರವಾರವೂ ಹುಡುಕುವುದು, ಸಪ್ಪೆ ಮುಖ ಹಾಕಿಕೊಂಡು ಬರುವುದು. "ಈ ಸಲಾನೂ ಬರ್ಲಿಲ್ಲಾಂದ್ರೆ ಕತೆಗಿತೆ ಸಾಕು, ಟೈಪಿಂಗ್ ಕಲಿ" ಎಂದು ಹೇಳಿಯೇ ಅಪ್ಪ ಆ ದಿನ ನಮ್ಮನ್ನು ಕರೆದೊಯ್ದರು.

ಬೆಂಗಳೂರಿನ ರೈಲು ಆಗಷ್ಟೇ ಬಂದಿತ್ತು. ಕಲ್ಲಿದ್ದಲ ಹೊಗೆಯ ನಡುವೆ ಹೊಸ ಕಾಗದದ ವಾಸನೆ. ಪತ್ರಿಕೆ ಬಂದದ್ದು ಒಂದೇ ಪ್ರತಿ, ಅದೂ ಕಾಯಂ ಗಿರಾಕಿಗೆ ಎತ್ತಿಟ್ಟದ್ದು. ಅಕ್ಕ ಕೈ ಚಾಚಿದಳು. "ತೊಡಾದೇಮ್ಮಾ!" ಮುಟ್ಟಬೇಡವೆಂದು ಸ್ಟಾಲಿನವರು ಗದರಿದರು. ಅಕ್ಕನ ಕಣ್ಣು ತುಂಬಿತು. ಇವಳ ಕತೆ ಅದರಲ್ಲಿರಬಹುದು ಎಂದು ಅಪ್ಪ ತಮಿಳಿನಲ್ಲಿ ವಿವರಿಸಿದರು. ಅವರು ಗೊಣಗುತ್ತಲೇ ಒಳಗಿನಿಂದ ಒಂದೊಂದೇ ಹಾಳೆ ತಿರುವಿ ನಮ್ಮತ್ತ ಹಿಡಿದರು. ಅವರಿಗೆ ಕನ್ನಡ ಬಾರದು. ಪತ್ರಿಕೆ ತಲೆಕೆಳಗಾಗಿತ್ತು.

ಹೇಳಿದರೆ ಎಲ್ಲಿ ಮಡಚಿಬಿಡುತ್ತಾರೋ ಎಂದು ಅಕ್ಕ ಸುಮ್ಮನೆ ಕತ್ತು ವಾಲಿಸಿ ನೋಡುತ್ತ ಹೋದಳು. ಒಂದು ಹಾಳೆ ಬಂದಾಗ ನನ್ನ ಭುಜ ಹಿಂಡಿದಳು. "ಅಪ್ಪಾ, ನಂದು!"

"ಎಲ್ಲೇ?" ಅಪ್ಪನೂ ಕತ್ತು ವಾಲಿಸಿದರು. ಟೈಪಿಂಗಿನ ಮಾತು ಮತ್ತೆ ಬರಲಿಲ್ಲ.

ಇದೆಲ್ಲ ಹೀಗೇ ನಡೆಯಿತೇ? ಯೂನಿವರ್ಸಿಟಿಯಲ್ಲಿ ನಾನು ಕಲಿತದ್ದು ಅನುಮಾನ ಪಡುವುದನ್ನೇ. ಮುಖಪುಟದ ಚಿತ್ರ ನೋಡಿದರೂ ಸ್ಟಾಲಿನವರಿಗೆ ತಿಳಿಯಬೇಕಿತ್ತಲ್ಲ? ಅಕ್ಕನನ್ನು ಕೇಳಿದರೆ, "ನೆಟ್ಟಗೇ ಹಿಡಿದಿದ್ರು ಕಣೋ, ನಿನ್ನ ತಲೇನೇ ತಿರುಗಿತ್ತು" ಎನ್ನುತ್ತಾಳೆ. ವಾದಿಸಿ ನನಗೂ ಸಾಕಾಗಿದೆ.

ಮೊನ್ನೆ ಮೊಮ್ಮಕ್ಕಳು ಟಿ. ನಗರಕ್ಕೆ ಎಳೆದುಕೊಂಡು ಹೋದರು. "ಬುಕ್ ಸ್ಟಾಲ್ ಅಲ್ಲ ತಾತಾ, ಬುಕ್ ಸ್ಟೋರ್!" ಎಂದು ತಿದ್ದಿದರು. ಒಳಗೆ ತಣ್ಣನೆಯ ಎ.ಸಿ. ನೆಲದ ಮೇಲೆ ಬೋರಲು ಮಲಗಿ ಇಡೀ ಪುಸ್ತಕ ಓದಿದರು. ಮುಟ್ಟಬೇಡ ಎನ್ನುವವರೇ ಇಲ್ಲ. ನಾನು ಕೂರಲು ಕುರ್ಚಿ ಹುಡುಕಿದೆ.

ಮನೆಗೆ ಬಂದು, ಆ ಕಾಲದಲ್ಲೇ ಪತ್ರಿಕೆಯವರು ಅಂಚೆಯಲ್ಲಿ ಕಳಿಸಿದ್ದ ಅಕ್ಕನ ಕತೆಯ ಹಾಳೆಯನ್ನು ಮೊಮ್ಮಗನ ಕೈಗಿಟ್ಟೆ. ಬರಿಯ ಅಕ್ಷರ, ಚಿತ್ರವಿಲ್ಲ. ಅವನಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಹಾಳೆಯನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿದ. ಆಮೇಲೆ ಕತ್ತು ವಾಲಿಸಿ ಕೇಳಿದ:

"ತಾತಾ, ಇದ್ರಲ್ಲಿ ಮೇಲೆ ಯಾವ್ದು?"