ಕೋಳಿಕಾಲಿನ ಪದಕ್ಕೆ ಸಾಕ್ಷಿ ತಂದವರು

ಜಾವಾ ಭಾಷೆಯ ನಿಘಂಟುಕಾರರಲ್ಲಿ ಓದಿ ಬಲ್ಲವರು ಹಲವರು. ಕೇಳಿ ಬಲ್ಲವರಲ್ಲಿ ಮೊದಲ ಹೆಸರು, ನಾವೆಲ್ಲ ‘ಬು’, ಅಂದರೆ ಅಮ್ಮ, ಎಂದು ಕರೆಯುವ ಬು ಕುಸ್ವರ್ದಾನಿಯವರದು. ಸುರಕರ್ತದ ನಮ್ಮ ನಿಘಂಟು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಈಗ ನಿವೃತ್ತರಾಗುತ್ತಿರುವ ಅವರನ್ನು ಅಭಿನಂದಿಸಲು, ಅವರ ಕೈಕೆಳಗೆ ಪಳಗಿದ ನಾನು ನನ್ನದೇ ಪೆದ್ದುತನವೊಂದನ್ನು ಒಪ್ಪಿಕೊಳ್ಳಬೇಕು.

ನಾನು ಸೇರಿದ ವರ್ಷ ನನ್ನ ಪಾಲಿಗೆ ಬಂದದ್ದು ‘ಚೆಕೆರ್’ ಎಂಬ ಪದ. ಹಳೆಯ ನಿಘಂಟುಗಳಲ್ಲಿ ‘ಕೋಳಿಯ ಕಾಲು’ ಎಂದಷ್ಟೇ ಇತ್ತು. ಹದಿನೈದು ದಿನದಲ್ಲಿ ಹೊಸ ಅರ್ಥ ತಂದರಷ್ಟೇ ಕೆಲಸ ಖಾಯಂ ಎಂದರು ನಿಘಂಟು ಸಮಿತಿಯ ಅಧ್ಯಕ್ಷರು. ಇಸ್ತ್ರಿ ಮಾಡಿದ ಬಾಟಿಕ್ ಉಟ್ಟು, ಶೂ ತೊಟ್ಟು, ಕೋಳಿಕಾಲಿನ ಸಾರು ಮಾರುವ ರಾನೆಮ್ ಅಜ್ಜಿಯನ್ನು ಅರಮನೆಯ ಗೌರವಭಾಷೆಯಲ್ಲಿ ವಿಚಾರಿಸಿದೆ. ಅಧಿಕಾರಿಗಳೆದುರು ದಿನಬಳಕೆಯ ಮಾತು ಬಿಡುವುದು ನಮ್ಮವರ ರೂಢಿ. ಅಜ್ಜಿಯೂ ಕೈಕಟ್ಟಿ ಗೌರವಭಾಷೆಯಲ್ಲೇ ಉತ್ತರಿಸಿದರು. ಆ ಪದ ಬಾಯಿಂದ ಹೊರಡಲೇ ಇಲ್ಲ. ಕೇಳಿದ ಬಳಕೆಗಳನ್ನು ಬರೆದುಕೊಳ್ಳುವ ನನ್ನ ಕಾರ್ಡುಗಳು ಹನ್ನೊಂದು ದಿನ ಖಾಲಿ.

ಅವನ್ನು ನೋಡಿ ಬು ಕುಸ್ವರ್ದಾನಿ ನಕ್ಕರು. “ಅಷ್ಟು ಮರ್ಯಾದೆಯಾಗಿ ಕೇಳಿದ್ರೆ ಯಾರು ಬಾಯಿ ಬಿಡ್ತಾರೆ ಕಣೇ? ನಾಳೆ ಶೂ ಬಿಟ್ಟು ಬಾ!”

ಮರುದಿನ ಬೆಳಿಗ್ಗೆ ಅವರೇ ಅಜ್ಜಿಯ ಚಾಪೆಯ ಮೇಲೆ ಕುಳಿತು ಕೋಳಿಕಾಲುಗಳ ಉಗುರು ಕತ್ತರಿಸತೊಡಗಿದರು; ನನ್ನನ್ನೂ ಕೂರಿಸಿದರು. ಎರಡನೆಯ ಬಕೆಟ್ಟು ಮುಗಿಯುವಷ್ಟರಲ್ಲಿ ಅಜ್ಜಿಯ ನಾಲಿಗೆ ಸಡಿಲವಾಯಿತು.

“ಏನು ಮಗಾ, ಇವತ್ತು ಬರಿಗಾಲಲ್ಲಿ ಚೆಕೆರ್ ಮಾಡ್ಕೊಂಡು ಬಂದ್ಯಾ?” ನನ್ನ ಕಾರ್ಡಿಗೆ ಇಣುಕಿದರು. “ಥೂ, ಇದೇನು ಬರವಣಿಗೆನೋ ಚೆಕೆರೋ!” ಆಮೇಲೆ ಮೆಲ್ಲಗೆ, “ಗಂಡ ಸತ್ತಮೇಲೆ ಕೋಳಿ ಕೆದಕಿದ ಹಾಗೆ ಚೆಕೆರ್ ಮಾಡೇ ನಾಕು ಮಕ್ಕಳನ್ನ ಸಾಕ್ದೆ” ಎಂದರು. ಬರಿಗಾಲ ನಡಿಗೆ, ಗೀಚುಬರಹ, ಕೆದಕಿ ಹೊಟ್ಟೆ ಹೊರೆಯುವ ದುಡಿಮೆ: ಒಂದೇ ಬೆಳಿಗ್ಗೆ ಮೂರು ಅರ್ಥಗಳು!

ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. “ಇದೆಲ್ಲ ಬೀದಿಮಾತು. ಹೇಳಿದವರು ಯಾರು?” ನನ್ನ ಕೆಲಸ ಹೋಯಿತೆಂದೇ ತಿಳಿದೆ. ಬು ಕುಸ್ವರ್ದಾನಿ ಎದ್ದು ಬಾಗಿಲು ತೆರೆದರು. ಹೊರಗೆ ಅಜ್ಜಿ ನಿಂತಿದ್ದರು.

“ಹೆದರಬೇಡಿ, ಚಾಪೆ ಮೇಲೆ ಮಾತಾಡಿದ ಹಾಗೇ ಮಾತಾಡಿ” ಎಂದು ಬು ಕುಸ್ವರ್ದಾನಿ ಅಜ್ಜಿಯನ್ನು ಒಳಗೆ ಕರೆತಂದರು.

“ನಾನೇ ಹೇಳಿದ್ದು ಸ್ವಾಮೀ,” ಎಂದರು ಅಜ್ಜಿ, ಗೌರವಭಾಷೆಯನ್ನು ಬಾಗಿಲಾಚೆಗೇ ಬಿಟ್ಟು. “ಚೆಕೆರ್ ಮಾಡಿ ಬದುಕಿದೋಳು ನಾನು. ಅದು ನಿಮ್ಮ ಪುಸ್ತಕದಲ್ಲಿ ಇಲ್ಲ ಅಂದ್ರೆ ಕೊರತೆ ಪುಸ್ತಕಕ್ಕೆ, ನನಗಲ್ಲ!”

ಮೊದಲು ನಕ್ಕವರು ಅಧ್ಯಕ್ಷರೇ. ಮೂರು ಅರ್ಥಗಳಿಗೂ ರುಜು ಬಿತ್ತು. ನಾನೂ ಅಂದೇ ಖಾಯಂ ಆದೆ. ಆ ಪದದ ಕೆಳಗೆ ಅಚ್ಚಾದದ್ದು ರಾನೆಮ್ ಅವರ ಹೆಸರು. ತಮ್ಮದನ್ನು ಬು ಕುಸ್ವರ್ದಾನಿ ಹಾಕಗೊಡಲಿಲ್ಲ. ಇಂಥವರ ಶಿಷ್ಯೆಯೆಂಬ ಹೆಮ್ಮೆ ನನಗೆ ಈಗಲೂ ಎದೆತುಂಬ ಇದೆ.

ಹೇಳಿದವರು ಯಾರೆಂದು ಮುಂದೆ ಯಾರಾದರೂ ಕೇಳಿದಾಗ, ಹೇಳಿದವರನ್ನೇ ಒಳಗೆ ಕರೆತರುವ ಧೈರ್ಯ ನಮಗಿರಲಿ. ಇಲ್ಲದಿದ್ದರೆ ನಮ್ಮನ್ನು ಬೈಯಲಿಕ್ಕಾದರೂ ಬು ಕುಸ್ವರ್ದಾನಿ ನೂರು ವರ್ಷ ಬಾಳಲಿ.